ಆರಬಾರದ ಪಂಜು

ಲಾಸ್ ಸೌಸೆಸ್ ಹಳ್ಳಿ
ಸೆಪ್ಟೆಂಬರ್ ೨೧, ಭಾನುವಾರ ಬೆಳಿಗ್ಗೆ

ನೊಯೆಮಿ ಅಕ್ಕನಿಗೆ,

‘ಪ್ರೀತಿಯ’ ಎಂದು ಶುರು ಮಾಡಲು ನೋಡಿದೆ, ಕೈ ಬರಲಿಲ್ಲ. ಸಿಟ್ಟು ಇಳಿದ ದಿನ ಬರೆಯುತ್ತೇನೆ.

ಎರಡು ಬೀದಿ ಆಚೆ ಇರುವ ಅಕ್ಕನಿಗೆ ಕಾಗದ ಬರೆಯುವುದೇನು ಎಂದು ನೀನು ನಗಬಹುದು. ಎದುರಿಗೆ ಬಂದು ಹೇಳಲು ನೋಡಿದೆನಲ್ಲ! ಬುಧವಾರ ನಿನ್ನ ಆಫೀಸಿಗೆ ಬಂದರೆ ಫೋನು ಕಿವಿಗಿಟ್ಟುಕೊಂಡು ಕೈಸನ್ನೆಯಲ್ಲೇ ಹೊರಗೆ ಕಳಿಸಿದೆ. ಗುರುವಾರ ಮನೆಗೆ ಬಂದರೆ ಕಾಫಿ ಕೊಟ್ಟೆ, ಸಿಹಿ ಬ್ರೆಡ್ಡು ಕೊಟ್ಟೆ, ನಾನು ಬಾಯಿ ತೆರೆದಾಗಲೆಲ್ಲ “ತಿನ್ನೇ, ಮೊದ್ಲು ತಿನ್ನು, ಕಾಫಿ ಆರೋಗುತ್ತೆ” ಅಂದೆ. ಹೆಡ್ಮಿಸ್ ಆದ ಮೇಲೆ ನೀನು ಕಲಿತ ವಿದ್ಯೆ ಇದು. ಕಾಗದದ ಬಾಯಿಗೆ ಬ್ರೆಡ್ಡು ತುರುಕಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಷೆಲಾ ಪಟ್ಟಣದ ಆಸ್ಪತ್ರೆಗೆ ಹೋಗಿದ್ದೆ. ನೀನು ಒಮ್ಮೆಯೂ ಹೋಗಿಲ್ಲವಾದ್ದರಿಂದ ಹೇಳುತ್ತೇನೆ, ಕೇಳು. ಮಾರ್ಲೆನಿಯ ಬಲಗೈಗೆ ಬೆರಳಿಂದ ಭುಜದವರೆಗೆ ಬ್ಯಾಂಡೇಜು, ಅಲ್ಲಿಂದ ಮೇಲೆ ಕುತ್ತಿಗೆಗೂ ಬ್ಯಾಂಡೇಜು. ತಲೆ ತಿರುಗಿಸಲಾರಳು, ನಾನೇ ಮಂಚದ ಆ ಕಡೆ ಹೋಗಿ ನಿಂತೆ. ಬ್ಯಾಂಡೇಜು ಬದಲಿಸುವಾಗ ಕಿರುಚುವುದೇ ಇಲ್ಲ, ಬಹಳ ಗಟ್ಟಿ ಹುಡುಗಿ ಎಂದು ನರ್ಸು ಮೆಚ್ಚಿಕೊಂಡು ಹೇಳಿದಳು. ನನಗೆ ಮೆಚ್ಚುವ ಸಂಗತಿ ಅನಿಸಲಿಲ್ಲ. ಆರನೇ ಕ್ಲಾಸಿನ ಹುಡುಗಿ ಯಾಕೆ ಕಿರುಚುವುದಿಲ್ಲ ಗೊತ್ತೇನು? ತಪ್ಪು ಅವಳದೇ ಎಂದು ಎಲ್ಲರೂ ಹೇಳಿಬಿಟ್ಟಿದ್ದಾರೆ. ತಪ್ಪು ಮಾಡಿದವರಿಗೆ ಅಳುವ ಹಕ್ಕಿಲ್ಲ ಎಂದುಕೊಂಡಿದ್ದಾಳೆ ಆ ಮಗು.

ನರ್ಸು ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು: “ಸೆನ್ಯೊ ತೆಲ್ಮಾ, ಬಾಟ್ಲಿ ನನ್ ಕೈಲಿ ಇರ್ಲಿಲ್ಲ ಅಲ್ವಾ? ನನ್ ಕೈಲಿ ಪಂಜಿತ್ತು ಅಷ್ಟೇ ಅಲ್ವಾ? ನೀವೂ ಅಲ್ಲೇ ಇದ್ರಿ.” ನಾನು ಹೌದು ಕಣೇ ಅಂದೆ. “ಅಮ್ಮ ನಂಬಲ್ಲ. ದೊಡ್ ಸೆನ್ಯೊ, ಹೆಡ್ಮಿಸ್ಸು, ಯಾಕೆ ಸುಳ್ ಹೇಳ್ತಾರೆ, ನೀನೇ ಸುಳ್ಬುರ್ಕಿ ಅಂತಾಳೆ. ನಂಗೇ ಈಗ ಡೌಟು ಬರ್ತಿದೆ ಸೆನ್ಯೊ, ನಾನೇ ಹಾಕ್ಕೊಂಡ್ನೇನೋ ಅಂತ.”

ಅಕ್ಕ, ಚರ್ಮ ಸುಟ್ಟಿದ್ದು ಸಾಲದೇ? ಅವಳು ಕಣ್ಣಾರೆ ಕಂಡಿದ್ದನ್ನೂ ಅವಳಿಂದ ಕಿತ್ತುಕೊಳ್ಳಬೇಕೇ?

ಮಂಗಳವಾರ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರ ಮುಂದೆ ನಾವೆಲ್ಲ ಏನು ಹೇಳಬೇಕೆಂದು ನೀನು ಸ್ಟಾಫ್ ರೂಮಿನಲ್ಲಿ ಪಾಠ ಮಾಡಿದೆ: “ಹುಡ್ಗಿ ಹೇಳ್ದೆ ಕೇಳ್ದೆ ಪಿಕಪ್‌ನಿಂದ ಬಾಟ್ಲಿ ತಗೊಂಡ್ಳು, ನಾವು ತಡೆಯೋಷ್ಟ್ರಲ್ಲಿ ಸುರ್ಕೊಂಡ್ಳು. ಮೊದ್ಲಿಂದ್ಲೂ ತುಂಟಿ. ಅಷ್ಟೇ ಹೇಳಿ, ಹೆಚ್ಚಿಗೆ ಬಾಯ್ ಬಿಡ್ಬೇಡಿ.” ಎಲ್ಲರೂ ತಲೆಯಾಡಿಸಿದರು. ವಿಲ್ಮರ್ ಮೇಷ್ಟ್ರು ಎಲ್ಲರಿಗಿಂತ ಮೊದಲು ಆಡಿಸಿದರು. ಪಿಕಪ್ ಓಡಿಸುತ್ತಿದ್ದವರು ಅವರೇ ತಾನೇ? ನೀವು ನೋಡಲಿಲ್ಲವೇ ಮೇಷ್ಟ್ರೇ ಎಂದು ಆಮೇಲೆ ಕೇಳಿದೆ. ಎದುರಿನಿಂದ ಬರುತ್ತಿದ್ದ ಲಾರಿ ನೋಡುತ್ತಿದ್ದರಂತೆ. ಆ ಲಾರಿ ಒಂದು ವಾರದಿಂದ ಬರುತ್ತಲೇ ಇದೆ.

ಯಾರೂ ನೋಡಲಿಲ್ಲವಾದರೆ ನಾನು ನೋಡಿದ್ದೇನೆ. ನೀನು ಮರೆತವಳ ಹಾಗೆ ಓಡಾಡುತ್ತಿರುವುದರಿಂದ ನೆನಪು ಮಾಡಿಕೊಡುತ್ತೇನೆ.

ಸ್ವಾತಂತ್ರ್ಯ ದಿನದ ಹಬ್ಬದ ಹಿಂದಿನ ವಾರದ ಮೀಟಿಂಗಿನಿಂದಲೇ ಶುರು ಮಾಡುತ್ತೇನೆ. ಷೆಲಾದ ಚೌಕದಲ್ಲಿ ಪಂಜು ಹೊತ್ತಿಸಿಕೊಂಡು ಹೆದ್ದಾರಿ ಹಿಡಿದು ಊರಿನ ತನಕ ಮಕ್ಕಳನ್ನು ಓಡಿಸುವವರು ನಾವು, ಯಾರ ಜವಾಬ್ದಾರಿ ಏನು ಎಂದು ಹೇಳಿಬಿಡು ಎಂದು ನಾನು ಕೇಳಿದೆ. ಬೆಂಕಿಯ ಪಕ್ಕದಲ್ಲಿ ಒಬ್ಬ ದೊಡ್ಡವರು ಇರಲಿ, ಎಣ್ಣೆ ಹಾಕುವುದಾದರೆ ಪಂಜು ಆರಿಸಿ, ಪಂಜಿನ ತುದಿಯ ಡಬ್ಬ ತಣ್ಣಗಾದ ಮೇಲೆಯೇ ಹಾಕಲಿ, ಪಿಕಪ್ಪಿನಲ್ಲಿ ಒಂದು ಒದ್ದೆ ಕಂಬಳಿ ಇರಲಿ ಎಂದೆ. ನೀನು ನಕ್ಕೆ. “ನಮ್ ತೆಲ್ಮಾಗೆ ಒಂದ್ ಲೋಟ ನೀರಲ್ಲೂ ಹೆಣ ತೇಲುತ್ತೆ” ಅಂದೆ. ನಿನ್ನ ಜೊತೆ ಎಲ್ಲರೂ ನಕ್ಕರು. ಸರಿ, ನಗಲಿ ಎಂದು ನಾನೇ ನಮ್ಮ ಮನೆಯ ಉಣ್ಣೆ ಕಂಬಳಿ ನೆನೆಸಿ ತಂದು ಪಿಕಪ್ಪಿನಲ್ಲಿಟ್ಟೆ. ಅದನ್ನು ಇಳಿಸಿದ್ದು ಯಾರು? “ಬ್ಯಾಂಡಿನ ಡ್ರಮ್ಮೆಲ್ಲ ಒದ್ದೆ ಆಗುತ್ತೆ, ತೆಗಿಯೇ ಅತ್ಲಾಗೆ” ಅಂದವಳು ನೀನು. ಶಾಲೆಯ ಜಗುಲಿಯ ಮೇಲೆ ಕಂಬಳಿಯಿಂದ ನೀರು ಸೋರುತ್ತಿತ್ತು, ನಾವು ಮಕ್ಕಳನ್ನು ಹತ್ತಿಸಿಕೊಂಡು ಹೊರಟೆವು.

ವಾಪಸು ಬರುವಾಗ ದಾರಿಯುದ್ದಕ್ಕೂ ಎಂದಿನ ಗಲಾಟೆ. ಸೀಟಿ ಊದುವವರು, ಬಾವುಟ ಬೀಸುವವರು, ಓಡುವ ಮಕ್ಕಳ ಮೇಲೆ ನೀರಿನ ಪೊಟ್ಟಣ ಎಸೆದು ಕೇಕೆ ಹಾಕುವವರು. ಅರ್ಧ ಪಂಜುಗಳು ಆ ನೀರಿಗೇ ಆರಿಹೋದವು. ಏರು ರಸ್ತೆ ಬರುವ ಹೊತ್ತಿಗೆ ಉರಿಯುತ್ತಿದ್ದದ್ದು ಮಾರ್ಲೆನಿಯ ಪಂಜು ಒಂದೇ, ಅದೂ ಗುಟುಕು ಜೀವ ಹಿಡಿದುಕೊಂಡಿತ್ತು. ತಂದಿದ್ದ ಸೀಮೆಎಣ್ಣೆ ಮುಗಿದಿತ್ತು. ಹಿಂದಿನ ತಿರುವಿನಲ್ಲಿ ಕೆಳಗಿನ ಹಳ್ಳಿಯ ಶಾಲೆಯವರ ಪಂಜುಗಳು ಧಗಧಗ ಅನ್ನುತ್ತಿದ್ದವು. ಹೋದ ವರ್ಷ ನಮ್ಮದು ದಾರಿಯಲ್ಲೇ ಆರಿಹೋಗಿ, ಅವರು ವರ್ಷಪೂರ್ತಿ ನಮ್ಮನ್ನು ‘ಬೂದಿ ಶಾಲೆ’ ಎಂದು ಆಡಿಕೊಂಡಿದ್ದು ನಿನ್ನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಅದು ನನಗೂ ಗೊತ್ತು. ಸಂತೆಯಲ್ಲಿ ತರಕಾರಿಯವಳೂ ನನಗೆ ಹಾಗೆಯೇ ಅಂದಿದ್ದಳು.

“ಸೆನ್ಯೊ, ಆರ್ತಾ ಇದೆ!” ಎಂದು ಹುಡುಗಿ ಕೂಗಿದಳು. ನೀನು ಪಿಕಪ್ಪಿನಿಂದ ಇಳಿದು ಬಂದೆ. ಕೈಯಲ್ಲಿ ಸೋಡಾ ಬಾಟಲಿ, ಅದರಲ್ಲಿ ಗಾಡಿಗೆಂದು ಇಟ್ಟಿದ್ದ ಪೆಟ್ರೋಲ್. ನಾನು ಹೇಳಿದೆ, ಅಕ್ಕ, ಹೇಳಿದೆ: “ಆರ್ಸಿ ಹಾಕೋಣ, ಅಕ್ಕ. ಅದು ಸೀಮೆಎಣ್ಣೆ ಅಲ್ಲ.” ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಊರೊಳಗೆ ಮತ್ತೆ ಬೂದಿ ಹೊತ್ಕೊಂಡ್ ಹೋಗೋಣ್ವಾ? ಏ ಹುಡ್ಗಿ, ಗಟ್ಟಿಯಾಗ್ ಹಿಡ್ಕೊ, ಅಲ್ಲಾಡ್ಬೇಡ” ಅಂದೆ. ಅವಳು ಅಲ್ಲಾಡಲಿಲ್ಲ. ನೀನು ಹೇಳಿದ ಹಾಗೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ನೀನು ಸುರಿದೆ. ಬೆಂಕಿ ಧಾರೆ ಹಿಡಿದುಕೊಂಡು ಬಾಟಲಿಗೆ ಹತ್ತಿತು, ನೀನು ಬಾಟಲಿ ಬಿಸಾಡಿದೆ, ಅದು ಅವಳ ತೋಳಿನ ಮೇಲೆ ಬಿತ್ತು.

ರಸ್ತೆ ಪಕ್ಕದಲ್ಲಿದ್ದ ಜನ ಒಳ್ಳೆಯದಾಗಲಿ ಎಂದೇ ಕೈಯಲ್ಲಿದ್ದ ನೀರಿನ ಪೊಟ್ಟಣಗಳನ್ನೆಲ್ಲ ಅವಳ ಮೇಲೆ ಎಸೆದರು. ಪೆಟ್ರೋಲಿನ ಬೆಂಕಿ ನೀರಿಗೆ ಆರುತ್ತದೆಯೇ? ತೇಲಿಕೊಂಡು ಕುತ್ತಿಗೆಗೆ ಹೋಯಿತು. ಕಂಬಳಿಗಾಗಿ ಪಿಕಪ್ಪಿನ ಕಡೆ ತಿರುಗಿದೆ, ಅಲ್ಲಿ ಡ್ರಮ್ಮುಗಳಿದ್ದವು, ಒಣಗಿದ ಡ್ರಮ್ಮುಗಳು. ನನ್ನ ಸ್ವೆಟರ್ ಬಿಚ್ಚಿ ಅವಳನ್ನು ಸುತ್ತಿ ನೆಲಕ್ಕೆ ಉರುಳಿಸಿದೆ. ಹಿಂದೆ ಬರುತ್ತಿದ್ದ ಮಕ್ಕಳಿಗೂ ರಸ್ತೆ ಪಕ್ಕದ ಜನರಿಗೂ ಬೆಂಕಿ ಕಂಡಿತು, ಸುರಿದ ಕೈ ಕಾಣಲಿಲ್ಲ. ಅಷ್ಟೇ ನಿನ್ನ ಪುಣ್ಯ.

ಬಾಟಲಿ ಬಿಸಾಡಿದ್ದಕ್ಕೆ ನಾನು ನಿನ್ನನ್ನು ದೂರುವುದಿಲ್ಲ. ಕೈಗೆ ಬೆಂಕಿ ಹತ್ತಿದರೆ ಯಾರಾದರೂ ಬಿಸಾಡುತ್ತಾರೆ, ನಾನೂ ಬಿಸಾಡುತ್ತಿದ್ದೆ. ಉರಿಯುವ ಪಂಜಿಗೆ ಸುರಿದದ್ದು ತಪ್ಪು, ದೊಡ್ಡ ತಪ್ಪು. ನಾನು ಬರೀ ಬಾಯಲ್ಲಿ ಹೇಳಿ ಸುಮ್ಮನಾದೆನಲ್ಲ, ನಿನ್ನ ಕೈ ಹಿಡಿದು ಎಳೆಯಲಿಲ್ಲವಲ್ಲ, ಅದು ನನ್ನ ಪಾಲಿನ ತಪ್ಪು. ಅದನ್ನು ಇನ್ಸ್‌ಪೆಕ್ಟರ್ ಮುಂದೆ ನಾನೇ ಹೇಳುತ್ತೇನೆ. ಆದರೆ ಆಮೇಲೆ ನೀನು ಮಾಡಿದ್ದಕ್ಕೆ ತಪ್ಪು ಅನ್ನುವ ಸಣ್ಣ ಮಾತು ಸಾಲದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬೆಂದವಳಿಗೇ ಬರೆ ಹಾಕುತ್ತಿದ್ದೀಯಲ್ಲ ನೀನು! ಇನ್ಸ್‌ಪೆಕ್ಟರ್ ನಿನ್ನ ಮಾತು ನಂಬಿದರೆ ಅವಳನ್ನು ಶಾಲೆಯಿಂದ ತೆಗೆದುಹಾಕುತ್ತಾರೆ. ಆರನೇ ಕ್ಲಾಸು ಮುಗಿಸದ ಹುಡುಗಿ, ಸುಟ್ಟ ಕೈ, ಸುಳ್ಳುಬುರುಕಿ ಎಂಬ ಹೆಸರು. ಈ ಊರಿನಲ್ಲಿ ಅವಳು ಏನಾಗಿ ಬದುಕಬೇಕು, ನೀನೇ ಹೇಳು.

ಶಾಲೆಗೆ ಕೆಟ್ಟ ಹೆಸರು ಬರುತ್ತದೆ ಎನ್ನುತ್ತೀಯ. ಮೂಗಿಗಿಂತ ಮೂಗುತಿ ಭಾರ ಆಯಿತು ನಿನಗೆ. ಮಗು ಆಸ್ಪತ್ರೆಯಲ್ಲಿ ಮಲಗಿತ್ತು, ಮರುದಿನ ಬೆಳಿಗ್ಗೆ ನೀನು ಬ್ಯಾಂಡು ಬಾರಿಸಿಕೊಂಡು, ಎದೆಗೆ ನೀಲಿ ಬಿಳಿ ಪಟ್ಟಿ ಹಾಕಿಕೊಂಡು ಮೆರವಣಿಗೆಯ ಮುಂದೆ ನಡೆದೆ. ನನ್ನ ಸಾಲಿನಲ್ಲಿ ಅವಳ ಜಾಗ ಖಾಲಿ ಬಿಟ್ಟು ಮಕ್ಕಳನ್ನು ನಿಲ್ಲಿಸಿದ್ದೆ. ನೀನು ಬಂದು “ಹಲ್ಲು ಬಿದ್ದಂಗ್ ಕಾಣುತ್ತೆ, ಸೇರ್ಸಿ ನಿಲ್ಸು” ಎಂದು ಹೋದೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಈ ಕೆಲಸ ಕೊಡಿಸಿದವಳು ನೀನು, ಟ್ರೈನಿಂಗಿಗೆ ಕಳಿಸಿದವಳು ನೀನು, ಗುರುವಾರ ಬಾಗಿಲ ತನಕ ಬಂದು “ಉಂಡ ಮನೆ ಜಂತೆ ಎಣಿಸ್ಬೇಡ ತೆಲ್ಮಾ” ಎಂದು ಕಿವಿಯಲ್ಲಿ ಹೇಳಿ ಕಳಿಸಿದವಳೂ ನೀನು. ಆದರೆ ಶುಕ್ರವಾರ ಕಂಡದ್ದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಮಾರ್ಲೆನಿಯ ತಾಯಿ ದೋನ್ಯಾ ತೊಮಾಸಾ ಆಸ್ಪತ್ರೆಯಿಂದ ನೇರ ಶಾಲೆಗೆ ಬಂದರು. ಶಾಲಿನೊಳಗೆ ಒಂದು ಕೋಳಿ. ನಿನ್ನ ಮೇಜಿನ ಮುಂದೆ ತಲೆ ಬಗ್ಗಿಸಿ ನಿಂತು, “ನನ್ ಮಗ್ಳಿಂದ ನಿಮ್ಗೆಲ್ಲ ತೊಂದ್ರೆ ಆಯ್ತು ದೊಡ್ ಸೆನ್ಯೊ, ಹಬ್ಬ ಹಾಳಾಯ್ತು. ತಾಯಿ ಅಂತ ನಾನು ಬುದ್ಧಿ ಹೇಳ್ಲಿಲ್ಲ, ಹೊಟ್ಟೆಗ್ ಹಾಕ್ಕೊಳಿ” ಅಂದರು. ಆ ಹೆಂಗಸು ನಿನ್ನ ಹತ್ತಿರ ಕ್ಷಮೆ ಕೇಳಿದಳು, ಅಕ್ಕ! ನೀನು ಎದ್ದು ಬಂದು ಅವರ ಭುಜ ತಟ್ಟಿದೆ. “ಹೋಗ್ಲಿ ಬಿಡಿ, ಮಕ್ಳು” ಅಂದೆ. ಕೋಳಿ ತೆಗೆದುಕೊಂಡೆ.

ಕೋಳಿ ತೆಗೆದುಕೊಂಡೆಯಲ್ಲ. ಬೇಡ ಅನ್ನಲು ಕೂಡ ನಾಲಿಗೆ ಏಳಲಿಲ್ಲವೇ? ಬಾಗಿಲ ಹತ್ತಿರ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಿನಗೆ ಏನನಿಸಿತು? ನಿಜವಾಗಿ ಕೇಳುತ್ತಿದ್ದೇನೆ.

ಬೆಳಿಗ್ಗೆ ಮಕ್ಕಳ ಕೈ ಹಿಡಿದು ತಂದು ಗೇಟಿನಲ್ಲಿ ಬಿಟ್ಟು ಹೋಗುತ್ತಾರಲ್ಲ ಈ ತಾಯಂದಿರು, ಹಿಂತಿರುಗಿಯೂ ನೋಡದೆ ಸಂತೆಗೆ, ಹೊಲಕ್ಕೆ ಹೋಗುತ್ತಾರಲ್ಲ, ಅದು ಯಾವ ಧೈರ್ಯದ ಮೇಲೆ? ಒಳಗೆ ನಾವಿದ್ದೇವೆ ಎಂದು. ಲೆಕ್ಕ, ವ್ಯಾಕರಣ ಎಲ್ಲ ಆಮೇಲೆ. ಬಂದ ಹಾಗೆಯೇ, ಮೈಗೆ ಗಾಯವಿಲ್ಲದೆ, ಮಗುವನ್ನು ಮನೆಗೆ ಕಳಿಸುವುದು ನಮ್ಮ ಮೊದಲ ಕೆಲಸ. ಅದನ್ನು ನಾವು ಮಾಡಲಿಲ್ಲ. ಮಾಡಲಿಲ್ಲ ಎಂದು ಹೇಳುವುದನ್ನಾದರೂ ಮಾಡೋಣ.

ಮಂಗಳವಾರ ನಾನು ಇನ್ಸ್‌ಪೆಕ್ಟರ್ ಮುಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ, ನೀನು ಬಾಗಿಲು ಮುಚ್ಚಿದರೆ ಮುಚ್ಚು. ಆದರೆ ನಾನು ಹೇಳುವ ಮೊದಲು ನೀನೇ ಹೇಳಬೇಕು ಎಂಬ ಆಸೆ ನನಗಿನ್ನೂ ಇದೆ. ಚಿಕ್ಕವಳಿದ್ದಾಗಿನಿಂದ ನಾನು ನಿನ್ನ ಹಿಂದೆ ನಡೆದವಳು, ನಿನ್ನ ವಿರುದ್ಧ ನಿಲ್ಲುವುದು ನನಗೆ ಅಭ್ಯಾಸವಿಲ್ಲ. ಈ ಕಾಗದ ಬರೆಯುತ್ತಾ ಅಳುತ್ತಿದ್ದೇನೆ. ಆದರೆ ಸಿಟ್ಟಿನಿಂದ ಅಳುತ್ತಿದ್ದೇನೆ, ಕರಗಿದ್ದೇನೆ ಅಂದುಕೊಳ್ಳಬೇಡ.

ಇನ್ನೂ ನಿನ್ನ ತಂಗಿಯೇ ಆಗಿರುವ,
ತೆಲ್ಮಾ

ಮರೆಯುವ ಮುಂಚೆ ಇನ್ನೊಂದು ಮಾತು: ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವರು ದೋನ್ಯಾ ತೊಮಾಸಾ. ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬರುವಾಗ ನಮ್ಮ ಮನೆಗೆ ಬಂದಿದ್ದಾರೆ, ನಾನೇ ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವರಿಗೆ ಓದಲು ಬಾರದು. ಮಾರ್ಲೆನಿಯ ವಿಷಯ ಏನು ಬರೆದಿದ್ದೀರಿ ಎಂದು ಕೇಳಿದರು. ನಾನು ಹೇಳಲಿಲ್ಲ, ನಮ್ಮಕ್ಕ ಓದಿ ಹೇಳುತ್ತಾಳೆ, ಅಲ್ಲಿಯವರೆಗೆ ಅವಳ ಬಾಗಿಲು ಬಿಟ್ಟು ಬರಬೇಡಿ ಎಂದೆ. ನೀನು ಇದನ್ನು ಓದುತ್ತಿರುವಾಗ ಅವರು ನಿನ್ನ ಬಾಗಿಲಲ್ಲಿ ನಿನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾರೆ. ಒಳಗೆ ಕರೆದು ಕೂರಿಸು. ಮೊದಲಿನಿಂದ ಓದು, ಅವರ ಕಿಚೆ ಭಾಷೆಯಲ್ಲೇ ಹೇಳು, ಏನೂ ಬಿಡಬೇಡ. ಮಧ್ಯಾಹ್ನದ ಬಸ್ಸಿಗೆ ಅವರು ಮಗಳ ಹತ್ತಿರ ಹೋಗುತ್ತಾರೆ.