ಹುಡುಗನನ್ನು ನೋಡಲು ಹಿಮದ ಬೆಟ್ಟಕ್ಕೆ

ದಾರ್ಸೈಟ್, ಮಸ್ಕತ್
ಗುರುವಾರ, 6 ಮಾರ್ಚ್ 2025

ಪ್ರೀತಿಯ ಅಕ್ಕಾ,

ನಿನಗೂ ಭಾವನವರಿಗೂ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಹೊಸ ಡಾಕ್ಟರು ಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದನ್ನೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಮಡಿಸಿಟ್ಟಿದ್ದೀಯೋ? ಭಾವ ಸಕ್ಕರೆ ಬಿಟ್ಟಿದ್ದಾರೆ ಎಂದಿದ್ದೆ ನೀನು. ಅವರು ಬಿಟ್ಟಿರುವುದು ನಿನ್ನೆದುರಿಗೆ ಮಾತ್ರ ಎಂದು ನನ್ನ ಗುಮಾನಿ. ಇಲ್ಲಿ ರುಕ್ಮಿಣಿಗೆ ಶೀತ, ದಿಶಾಗೆ ಪರೀಕ್ಷೆ, ನನಗೆ ಸಿಟ್ಟು. ಉಳಿದಂತೆ ಮೂವರೂ ಚೆನ್ನಾಗಿದ್ದೇವೆ. ರಮ್ಜಾನ್ ತಿಂಗಳಾದ್ದರಿಂದ ಆಫೀಸು ಎರಡು ಗಂಟೆಗೇ ಬಿಡುತ್ತದೆ, ಬರೆಯಲು ಪುರುಸೊತ್ತಿದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನು ಬಂದ ಕೂಡಲೇ ಸ್ಪೀಕರ್ ಒತ್ತಿ ಊಟದ ಮೇಜಿನ ಮೇಲಿಟ್ಟು ಹುರುಳಿಕಾಯಿ ಮುರಿಯುವವಳು. ವಾಟ್ಸಾಪಿನಲ್ಲಿ ಬರೆದರೆ ಸಂಜೆಯೊಳಗೆ ಇಡೀ ಕುಟುಂಬದ ಗುಂಪಿಗೆ ಹೋಗಿರುತ್ತದೆ. ಅದಕ್ಕೇ ಕಾಗದ. ನಮ್ಮ ಆಫೀಸಿನ ಕಿಶೋರ್ ನಾಳೆ ಬೆಳಿಗ್ಗೆ ಊರಿಗೆ ಹೊರಟಿದ್ದಾನೆ, ಅವನ ಮನೆಯೂ ಮೈಸೂರೇ. ಇವತ್ತು ಸಂಜೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ.

ನೀನು ಕೇಳಿದ್ದು ಒಂದೇ ಮಾತು. ಆಶಿತಾಗೆ ಬಂದಿರುವ ಅಭಿಯ ಸಂಬಂಧಕ್ಕೆ ಹೂಂ ಅನ್ನಬಹುದೋ ಬೇಡವೋ, ಸೋದರಮಾವನಾಗಿ ಹುಡುಗನನ್ನು ನೋಡಿ ಹೇಳು ಎಂದೆ. ಯುಗಾದಿಯೊಳಗೆ ಅವರಿಗೆ ಉತ್ತರ ಕೊಡಬೇಕು. ಆಶಿತಾಳೂ, ಮಾವ ಹೇಗೆ ಹೇಳ್ತಾರೋ ಹಾಗೆ ಎಂದು ಕೂತಿದ್ದಾಳೆ. ಇಪ್ಪತ್ತಾರು ವರ್ಷದ, ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಹುಡುಗಿ ನನ್ನ ಮೇಲೆ ಅಷ್ಟು ಭಾರ ಹಾಕಿದ್ದಾಳೆಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಅವರ ಮನೆತನ ನಿನಗೆ ಗೊತ್ತಿರುವುದೇ. ಮೂಲ ಬೆಂಗಳೂರಿನವರು. ಅಭಿಯ ಅಪ್ಪ ಇಲ್ಲಿ ದೊಡ್ಡ ಕಟ್ಟಡಗಳಿಗೆ ಏಸಿ ಕೂರಿಸುವ ಕಂಪನಿ ಇಟ್ಟಿದ್ದಾರೆ, ಮದೀನತ್ ಸುಲ್ತಾನ್ ಖಾಬೂಸಿನಲ್ಲಿ ವಿಲ್ಲಾ. ನಾವು ಎರಡು ಸಲ ಹೋಗಿ ತಿಂಡಿ ತಿಂದು ಬಂದೆವು. ಎರಡನೆಯ ಸಲ ಅವರು, ಹುಡುಗ ಇಬ್ಬರು ಸ್ನೇಹಿತರ ಜೊತೆ ಜಾರ್ಜಿಯಾ ದೇಶದ ಹಿಮದ ಬೆಟ್ಟಕ್ಕೆ ಹೊರಟಿದ್ದಾನೆ, ನೀವೂ ಹೋಗಿಬನ್ನಿ, ನಾಲ್ಕು ದಿನ ಜೊತೆಗಿದ್ದರೆ ಹುಡುಗ ಏನೆಂದು ಗೊತ್ತಾಗುತ್ತದೆ ಅಂದರು. ಬೀಗರಾಗುವವರ ಮಾತು. ಹೆಣ್ಣಿನ ಕಡೆಯವನು ಒಲ್ಲೆ ಅನ್ನುವುದು ಹೇಗೆ? ವರ್ಷವಿಡೀ ತಂಪು ಮಾರುವವರು ರಜದಲ್ಲಿ ತಂಪು ಕೊಳ್ಳಲು ಹೊರಟಿದ್ದಾರಲ್ಲ ಎಂದು ರುಕ್ಮಿಣಿಯ ಹತ್ತಿರ ನಕ್ಕು, ಆಫೀಸಿಗೆ ರಜೆ ಹಾಕಿದೆ. ನನಗೆ ಹಿಮ ಅಂದರೆ ಇಲ್ಲಿನ ಜೆಬೆಲ್ ಶಮ್ಸ್ ಬೆಟ್ಟ. ಅಲ್ಲಿ ಬೆರಳಗಲ ಬಿದ್ದರೆ ಮಸ್ಕತ್ತಿನ ರೂವಿ ಬಡಾವಣೆಯ ಅರ್ಧ ಜನ ಕಾರು ಹತ್ತುತ್ತಾರೆ, ಹೋಗುವಷ್ಟರಲ್ಲಿ ಅದು ಕರಗಿ ಕೆಸರಾಗಿರುತ್ತದೆ, ಫ್ಲಾಸ್ಕಿನ ಚಹಾ ಕುಡಿದು ವಾಪಸು ಬರುತ್ತೇವೆ.

ಅಕ್ಕಾ, ಅಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತೇನೆ. ಬೆಟ್ಟದ ಮೇಲೆ ಕರೆದೊಯ್ಯಲು ತಂತಿಯ ಮೇಲೆ ತೂಗುವ ಕುರ್ಚಿಗಳಿವೆ. ಎಷ್ಟೋ ಜನ ಮಕ್ಕಳು ಮರಿ ಕಟ್ಟಿಕೊಂಡು ಅದರಲ್ಲಿ ಹೋಗಿ, ಕಾಲಿಗೆ ಹಲಗೆ ಕಟ್ಟಿ ಜಾರಿಕೊಂಡು ಬಂದು, ಕೆನ್ನೆ ಕೆಂಪಗೆ ಮಾಡಿಕೊಂಡು ನಗುತ್ತಿದ್ದರು. ಅದನ್ನು ನೋಡಿ ನನಗೂ ಖುಷಿಯಾಯಿತು. ಆದರೆ ನಮ್ಮ ಹುಡುಗರಿಗೆ ಅದು ಬೇಡ. ಇವರಿಗೆ ಹೆಲಿಕಾಪ್ಟರ್ ಬೇಕು. ಅದು ಇವರನ್ನು ಯಾರೂ ಕಾಲಿಡದ ಶಿಖರದ ಮೇಲೆ ಇಳಿಸುತ್ತದೆ, ಇವರು ಹತ್ತು ನಿಮಿಷ ಜಾರುತ್ತಾರೆ, ಅದು ಕೆಳಗೆ ಬಂದು ಕಾದಿದ್ದು ಮತ್ತೆ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ. ಹೀಗೆ ದಿನಕ್ಕೆ ಏಳೆಂಟು ಸಲ. ಒಂದು ಸಲ ಜಾರಿದ ಕಡೆ ಇನ್ನೊಂದು ಸಲ ಜಾರುವುದಿಲ್ಲ. ಬೇರೆಯವರು ಜಾರಿದ ಗುರುತಿದ್ದರೆ ಮುಖ ಸಿಂಡರಿಸುತ್ತಾರೆ. ಅವರ ಮಟ್ಟಿಗೆ ಅದು ಎಂಜಲು. ಇಡೀ ಬೆಟ್ಟಸಾಲನ್ನು ಎಂಜಲು ಮಾಡುತ್ತಾ ಹೋಗುವುದೇ ಒಂದು ಆಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವರು ಕೊಡೆಗೆ ರೆಕ್ಕೆ ಬೇರೆ ಕಟ್ಟಿಸಿದ್ದಾರೆ.

ನನಗೆ ಜಾರಲು ಬಾರದು, ಆದರೂ ಅಂಕಲ್ ನೋಡಲೇಬೇಕು ಎಂದು ಒಂದು ಕಿತ್ತಳೆ ಬಣ್ಣದ ಅಂಗಿಯೊಳಗೆ ನನ್ನನ್ನು ತುರುಕಿ ಹೆಲಿಕಾಪ್ಟರಿನಲ್ಲಿ ಕೂರಿಸಿದರು. ಫೋಟೋ ನೋಡಿದ ದಿಶಾ, "ಅಪ್ಪಾ, ಯು ಲುಕ್ ಲೈಕ್ ಎ ಗ್ಯಾಸ್ ಸಿಲಿಂಡರ್" ಅಂದಳು. ಎದೆಗೆ ಒಂದು ಯಂತ್ರ ಬಿಗಿದರು. ಹಿಮ ಕುಸಿದು ಹೂತುಹೋದರೆ ನಾವೆಲ್ಲಿದ್ದೇವೆಂದು ಅದು ಮೇಲಿನವರಿಗೆ ಸುಳಿವು ಕೊಡುತ್ತದಂತೆ. ಲೆವಾನ್ ಎಂಬ ಅಲ್ಲಿಯವನೇ ಒಬ್ಬ ದಾರಿ ತೋರಿಸುವವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಪ್ರತಿ ಶಿಖರದಲ್ಲೂ ಅವನು ಮೊದಲು ಹಿಮವನ್ನು ಅಗೆದು ಮುಟ್ಟಿ ನೋಡಿ ಆಮೇಲೆ ಇವರನ್ನು ಬಿಡುತ್ತಿದ್ದ. ಅಭಿಯ ಸ್ನೇಹಿತರು ಹಿಮದಲ್ಲಿ ಬಾಟಲಿ ಹೂತಿಟ್ಟು ತಂಪು ಮಾಡಿ ಕುಡಿದು ಅಲ್ಲೇ ಎಸೆದರು, ಅಲ್ಲೇ ನಿಂತು ಉಚ್ಚೆಯಿಂದ ಹಿಮದ ಮೇಲೆ ತಮ್ಮ ಹೆಸರು ಬರೆದು ವಿಡಿಯೋ ಮಾಡಿಕೊಂಡರು. ಓದಿದ ಹುಡುಗರು. ಲೆವಾನ್ ಬಾಟಲಿಗಳನ್ನು ಆರಿಸಿ ತನ್ನ ಚೀಲಕ್ಕೆ ಹಾಕಿಕೊಂಡ.

ಅಭಿಯ ಬಗ್ಗೆ ಅನ್ಯಾಯವಾಗಿ ಬರೆಯಬಾರದು. ಅವನು ಕುಡಿಯಲಿಲ್ಲ, ಆ ಅಸಹ್ಯಗಳಲ್ಲಿ ಸೇರಲಿಲ್ಲ, ಹಾಗೆಂದು ತಡೆಯಲೂ ಇಲ್ಲ. ನನ್ನ ಪೆಟ್ಟಿಗೆಯನ್ನು ನಾನು ಮುಟ್ಟಲು ಬಿಡಲಿಲ್ಲ. ಎಲ್ಲದರಲ್ಲೂ ಮಾಂಸವಿದ್ದ ಊರಿನಲ್ಲಿ ನನಗಾಗಿ ಅಡುಗೆಯವರ ಹತ್ತಿರ ಹೋಗಿ ಚೀಸ್ ತುಂಬಿದ ರೊಟ್ಟಿ ಮಾಡಿಸಿ ತಂದ. ನಾನು ಅದಕ್ಕೆ ನಮ್ಮ ನಿಂಬೆಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದೆ. ಆಶಿತಾಳ ವಿಷಯ ಬಂದಾಗ ಕಿವಿ ಕೆಂಪಾಗುತ್ತಿತ್ತು. ಮೊದಲ ದಿನದ ಕೊನೆಗೆ ನಿನಗೆ ಫೋನು ಮಾಡಿ, ಹುಡುಗ ಚಿನ್ನ ಎಂದು ಹೇಳೋಣ ಅಂದುಕೊಂಡಿದ್ದೆ. ಸಿಗ್ನಲ್ ಸಿಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾವು ಕೆಳಗಿನ ಬಿಡಾರದಲ್ಲಿ ಸೂಪು ಕುಡಿಯುತ್ತಾ ಕೂತಿದ್ದೆವು. ಹಿಂದಿನ ರಾತ್ರಿ ಹಿಮ ಕುಸಿದು ಊರಿಗೆ ಹೋಗುವ ರಸ್ತೆ ಮುಚ್ಚಿತ್ತು. ಅದನ್ನು ತೆರವು ಮಾಡುತ್ತಿದ್ದ ಯಂತ್ರ ಮಗುಚಿ, ಅದನ್ನು ಓಡಿಸುತ್ತಿದ್ದವನ ಕಾಲು ಅದರಡಿಗೆ ಸಿಕ್ಕಿ ಜಜ್ಜಿಹೋಗಿದೆ, ಎಳೆದು ಹೊರಗೆ ತಂದು ಪಕ್ಕದ ಮನೆಯೊಂದರಲ್ಲಿ ಮಲಗಿಸಿದ್ದಾರೆ ಎಂದು ಸುದ್ದಿ ಬಂತು. ಆಸ್ಪತ್ರೆ ಇರುವುದು ಕೆಳಗಿನ ಪಟ್ಟಣದಲ್ಲಿ. ಸರ್ಕಾರದ ಹೆಲಿಕಾಪ್ಟರ್ ಬೇರೆ ಕಡೆ ಹೋಗಿತ್ತು. ಇದ್ದದ್ದು ನಮ್ಮದೊಂದೇ, ಅರ್ಧ ಗಂಟೆಯ ದಾರಿ. ಆದರೆ ಸಂಜೆ ನಾಲ್ಕರವರೆಗೆ ಅದು ಅಭಿಯ ಹೆಸರಿನಲ್ಲಿತ್ತು, ಗಿರಾಕಿ ಬಿಟ್ಟುಕೊಟ್ಟೆ ಎಂದು ಸಹಿ ಹಾಕಿದರೆ ಮಾತ್ರ ಕಳಿಸುತ್ತೇನೆ ಎಂದು ಬಿಡಾರ ನಡೆಸುವ ಹೆಂಗಸು ಕಾಗದ ಹಿಡಿದುಕೊಂಡು ಬಂದಳು. ಅವಳಿಗೂ ನನ್ನ ಧಿಕ್ಕಾರವಿರಲಿ. ಇನ್ನೆರಡು ಸಲ ಜಾರುವುದು ಬಾಕಿಯಿತ್ತು. ಸ್ನೇಹಿತರು ಗೊಣಗಿದರು. ಅಭಿ ಕಿಟಕಿಯ ಆಚೆ ಬೆಳ್ಳಗೆ ಬೆಳಗುತ್ತಿದ್ದ ಬೆಟ್ಟವನ್ನು ಒಮ್ಮೆ ನೋಡಿ, ನಗುತ್ತಲೇ ಹೇಳಿದ:

"ಎರಡು ರನ್ ಮುಗಿಸ್ಕೊಂಡ್ಬಿಡೋಣ, ಆಮೇಲೆ ಕರ್ಕೊಂಡ್ ಹೋಗ್ಲಿ. ಕಾಲು ಮುರಿದೋನು ಎಲ್ಲಿಗೆ ಓಡಿಹೋಗ್ತಾನೆ?"

ಸ್ನೇಹಿತರು ನಕ್ಕರು. ಮೇಜಿನ ಸುತ್ತ ಇದ್ದವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಅವರು ಎದ್ದು ಹೋದರು, ಎರಡು ಸಲ ಜಾರಿದರು. ಎರಡನೆಯದು ಮುಗಿಯುವಷ್ಟರಲ್ಲಿ ಮೋಡ ಬೆಟ್ಟದ ಬುಡದವರೆಗೆ ಇಳಿದು, ಇನ್ನು ಹಾರಲು ಸಾಧ್ಯವಿಲ್ಲ ಎಂದು ಪೈಲಟ್ ಯಂತ್ರ ನಿಲ್ಲಿಸಿದ. ಮರುದಿನ ಬೆಳಿಗ್ಗೆ ರಸ್ತೆ ಬಿಟ್ಟ ಮೇಲೆ ಆ ಮನುಷ್ಯನನ್ನು ಲಾರಿಯಲ್ಲಿ ಸಾಗಿಸಿದರು. ನಾವು ಹೊರಡುವ ದಿನ ಲೆವಾನ್ ನನ್ನ ಪೆಟ್ಟಿಗೆಯನ್ನು ಕಾರಿಗಿಡುತ್ತಾ, ಮಂಡಿಯ ಮೇಲಕ್ಕೆ ಕತ್ತರಿಸಿದರು ಎಂದಷ್ಟೇ ಹೇಳಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಅಭಿಗೂ ಹೇಳಿದೆ. ಅವನು "ಛೆ, ಪಾಪ" ಅಂದ, ವಿಮಾನದಲ್ಲಿ ತಲೆಗೆ ಟೋಪಿ ಎಳೆದುಕೊಂಡು ನಿದ್ದೆ ಮಾಡಿದ.

ಬಂದು ಒಂದು ವಾರವಾಯಿತು. ಮೊನ್ನೆ ಕೃಷ್ಣನ ಗುಡಿಗೆ ಹೋದರೆ ಅಭಿಯ ಅಮ್ಮ ಸಿಕ್ಕಿ, ಹುಡುಗ ನಿಮ್ಮನ್ನು ತುಂಬಾ ಹಚ್ಚಿಕೊಂಡಿದ್ದಾನೆ ಎಂದು ಕೈಗೆ ಹೂ ಕೊಟ್ಟರು. ನನಗೆ ಆ ಹೂವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನನ್ನ ಉತ್ತರ ಇದು ಅಕ್ಕಾ: ಬೇಡ. ದುಡ್ಡಿದೆ, ವಿದ್ಯೆಯಿದೆ, ಮಾತು ಮೃದು, ಎಲ್ಲ ಸರಿ. ಒಂದು ದಿನ ಆಶಿತಾ ನೋವು ಎಂದು ಮಲಗಿದಾಗ ಇವನಿಗೆ ಇನ್ನೆರಡು ರನ್ ಬಾಕಿಯಿದ್ದರೆ ಏನು ಗತಿ? ಜಾತಕ ಕೂಡಿಬರಲಿಲ್ಲ ಎಂದು ಹೇಳಿಬಿಡಿ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ.

ಕಿಶೋರನ ಕೈಯಲ್ಲಿ ಖರ್ಜೂರ, ಭಾವನವರಿಗೆ ಸಕ್ಕರೆಯಿಲ್ಲದ ಬಿಸ್ಕತ್ತು ಕಳಿಸುತ್ತಿದ್ದೇನೆ; ಖರ್ಜೂರವನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡು. ರುಕ್ಮಿಣಿ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಆಶಿತಾಗೆ ನನ್ನ ಆಶೀರ್ವಾದ.

ನಿನ್ನ ತಮ್ಮ,
ಶ್ಯಾಮಸುಂದರ

ತಾ.ಕ.: ಕಿಶೋರ್ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮೇಲಿನದರಲ್ಲಿ ಒಂದನ್ನು ಬಿಟ್ಟಿದ್ದೇನೆ. ಅಭಿ ಆ ಮಾತು ಹೇಳಿದ ಮೇಲೆ ಲೆವಾನ್ ಅವನ ಹತ್ತಿರ ವಾದಿಸಲಿಲ್ಲ, ನನ್ನ ಕಡೆ ತಿರುಗಿದ. ತಲೆ ಬೆಳ್ಳಗಿದ್ದವನು ನಾನೊಬ್ಬನೇ. ನೀವು ಹಿರಿಯರು, ನೀವು ಹೇಳಿ ಅಂದ. ಅಭಿ ಕೂಡ ಚಮಚ ಕೆಳಗಿಟ್ಟು, "ಹೌದು, ಅಂಕಲ್ ಹೇಳಿದ ಹಾಗೆ" ಅಂದ. ಅವನು ತಮಾಷೆಗೆ ಅನ್ನಲಿಲ್ಲ. ನಾನು ಬಿಟ್ಟುಕೊಡಪ್ಪ ಅಂದಿದ್ದರೆ ಅವನು ಸಹಿ ಹಾಕುತ್ತಿದ್ದ, ಅದು ನನಗೆ ಆಗಲೂ ಗೊತ್ತಿತ್ತು. ಒಂದು ಮಾತಿನಿಂದ ಗಂಡಿನ ಕಡೆಯವರಿಗೆ ಬೇಜಾರಾಗಿ ಸಂಬಂಧ ಮುರಿದರೆ ನಿನಗೇನು ಹೇಳಲಿ ಅನ್ನಿಸಿತು. "ನಿಮ್ಮಿಷ್ಟ, ನಂದೇನಿದೆ" ಅಂದೆ. ಅವರು ನಕ್ಕಾಗ ನಾನೂ ನಕ್ಕೆ. ಆಮೇಲೆ ಹೆಲಿಕಾಪ್ಟರಿನಲ್ಲಿ ಜಾಗ ಇದೆ ಬನ್ನಿ ಅಂದರು, ಹೋಗಿ ಕೂತೆ. ಜಾತಕದ ಸುಳ್ಳು ಬೇಡ. ಆಶಿತಾಗೆ ಇದನ್ನೂ ಸೇರಿಸಿ ಪೂರ್ತಿ ಓದಿ ಹೇಳು, ಹೂಂ ಅನ್ನಲಿ ಬೇಡ ಅನ್ನಲಿ, ಅವಳೇ ಹೇಳಲಿ. ಇನ್ನು ಮುಂದೆ ಅವಳಿಗೆ ಎಂಥ ಸಂಬಂಧ ಬಂದರೂ, ಹುಡುಗ ಹೇಗೆ ಎಂದು ನೋಡಿ ಬರಲು ನನ್ನನ್ನು ಕಳಿಸಬೇಡ.