ಬಿಗಿದು ಕಟ್ಟಿದ್ದು ಸಾಕು, ಅವ್ವ

ಅವ್ವಾ,

ನಿನಗೆ ಓದು ಬರುತ್ತಿರಲಿಲ್ಲ. ಅಲ್ಲಿ ಯಾರ ಕೈಯಲ್ಲಾದರೂ ಓದಿಸಿಕೊ. ಗಂಡಸರ ಕೈಗೆ ಮಾತ್ರ ಕೊಡಬೇಡ.

ನಾನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದಮೇಲೆ ನೀನು ಉಮ್ಮತ್ತೂರು ಬಿಟ್ಟು ಒಂದು ಸಲವೂ ನನ್ನ ಮನೆಗೆ ಬರಲಿಲ್ಲ. ಬಸ್ಸು ಹತ್ತು ಅಂದರೆ, "ನಂಗಾಗಕ್ಕಿಲ್ಲ ಕಣಮ್ಮಿ, ನೀನೇ ಬಾ" ಅನ್ನುತ್ತಿದ್ದೆ. ಮದುವೆಮನೆಗಳಲ್ಲೂ ಪಂಕ್ತಿಯಲ್ಲಿ ಕೂರದೆ ಬಾಗಿಲ ಬಳಿ ನಿಂತೇ ಇರುತ್ತಿದ್ದೆ. ಜಂಬದವಳು ಅಂದರು ಜನ. ನಾನೂ ಹಾಗೇ ಅಂದುಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನೀನು ಹೋದ ದಿನ ಮೈ ತೊಳೆಯುವಾಗ ಗೊತ್ತಾಯಿತು. ನಿನ್ನ ಗರ್ಭಕೋಶ ಹೊರಗೆ ಜಾರಿತ್ತು. ಅದನ್ನು ತಡೆಯಲು ನೀನು ಹಳೆ ಬಟ್ಟೆಯ ಮಡಿಕೆ ಒತ್ತಿ ಇಟ್ಟುಕೊಂಡಿದ್ದೆ. ಚಿಕ್ಕವ್ವ ಅದನ್ನು ಸದ್ದಿಲ್ಲದೆ ತೆಗೆದಳು, ನನ್ನ ಮುಖ ನೋಡಲಿಲ್ಲ. ಎಷ್ಟು ವರ್ಷದಿಂದ, ಅವ್ವಾ? ನನಗೆ ಒಂದು ಮಾತು ಹೇಳಿದ್ದರೆ...

ಮೂರನೇ ಬಾಣಂತನಕ್ಕೆ ನಾನು ಉಮ್ಮತ್ತೂರಿಗೆ ಬಂದಾಗ ಸೀರೆಯ ತುಂಡಿನಿಂದ ನನ್ನ ಹೊಟ್ಟೆ ಬಿಗಿದಿದ್ದೆಯಲ್ಲ, ನೆನಪಿದೆಯೆ? "ಇನ್ನೂ ಬಿಗೀಬೇಕು, ಇಲ್ದಿದ್ರೆ ಎಲ್ಲ ಕೆಳಕ್ ಬಂದ್ಬುಡ್ತದೆ" ಅಂದಿದ್ದೆ. ನಿನ್ನದೇ ಕಷ್ಟ ಅದು ಅಂತ ನನಗೇನು ಗೊತ್ತು? ಹೋದ ವರ್ಷ ನನಗೂ ಶುರುವಾಯಿತು. ಕೆಮ್ಮಿದರೆ ಸೀರೆ ಒದ್ದೆ, ಸಂಜೆಯ ಹೊತ್ತಿಗೆ ಕೆಳಗೆ ಏನೋ ಇಳಿದ ಹಾಗೆ ಭಾರ. ನಿನ್ನ ಮಾತಿನಂತೆ ಬಿಗಿದೆ. ಬಿಗಿದಷ್ಟೂ ಹೆಚ್ಚಾಯಿತು.

ಅತ್ತೆಗೆ ಹೇಳಿದಾಗ, "ಹೆತ್ತೋರ್ಗೆಲ್ಲ ಇದ್ದದ್ದೇ ಕಣಮ್ಮಿ, ಬಾಯ್ ಮುಚ್ಕೊಂಡಿರು" ಅಂದರು. ನಾನು ಮುಚ್ಚಲಿಲ್ಲ. ನಮ್ಮ ಯಜಮಾನರಿಗೇ ನೇರವಾಗಿ ಹೇಳಿಬಿಟ್ಟೆ. ಪಾಪ, ನೆಲ ನೋಡಿಕೊಂಡೇ ಎಲ್ಲ ಕೇಳಿಸಿಕೊಂಡರು, ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋದರು.

ಅಲ್ಲಿಯ ಡಾಕ್ಟರಮ್ಮ ಮೊದಲು ಹೊಟ್ಟೆಯ ಕಟ್ಟನ್ನು ಬಿಚ್ಚಿಸಿದಳು. "ಮೇಲೆ ಹೀಗೆ ಬಿಗಿದರೆ ಒಳಗಿರೋದು ಕೆಳಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತಮ್ಮಾ?" ಅಂದಳು. ನೀನು, ನಾನು, ನಮ್ಮೂರಿನ ಸೂಲಗಿತ್ತಿಯರು, ಎಲ್ಲರೂ ಒಳ್ಳೆಯದಕ್ಕೇ ಅಂತ ಮಾಡಿಕೊಂಡು ಬಂದದ್ದು! ಗರ್ಭಕೋಶ ಜಾರದಂತೆ ಒಳಗೆ ಆಸರೆಗೆ ರಬ್ಬರಿನ ಬಳೆಯೊಂದನ್ನು ಇಟ್ಟಳು. ಆಮೇಲೆ ಒಂದು ಕಸರತ್ತು ಕಲಿಸಿದಳು. ಉಚ್ಚೆ ತಡೆಯುವ ಹಾಗೆ ಒಳಗಿನಿಂದ ಮೇಲಕ್ಕೆಳೆದು ಹಿಡಿಯಬೇಕು, ಐದು ಎಣಿಸಿ ಬಿಡಬೇಕು, ಉಸಿರು ಕಟ್ಟಬಾರದು. ಅಕ್ಕಿ ಆರಿಸುತ್ತಾ ಮಾಡಿದರೂ ಎದುರಿಗೆ ಕೂತವರಿಗೆ ತಿಳಿಯುವುದಿಲ್ಲ. ಮೊದಲ ತಿಂಗಳು ಏನೂ ಗುಣ ಕಾಣದೆ ಅಳು ಬಂತು. ಆದರೂ ಬಿಡಲಿಲ್ಲ. ನಿನ್ನ ಹಟವೇ ನನಗೂ ಬಂದಿದೆ, ನಾನು ಅದನ್ನು ಬೇರೆ ಕಡೆ ತಿರುಗಿಸಿದೆ ಅಷ್ಟೆ. ಈಗ ಕೆಮ್ಮಿದರೂ ಸೀರೆ ಒದ್ದೆಯಾಗುವುದಿಲ್ಲ.

ನಿನ್ನೆ ಅವರೆಕಾಯಿ ಸುಲಿಯುತ್ತಿದ್ದಾಗ ಅತ್ತೆ ತಲೆಯೆತ್ತದೆ ಕೇಳಿದರು. "ಆ ಡಾಕ್ಟ್ರಮ್ಮ ಮುದ್ಕೀರ್ನೂ ನೋಡ್ತಾಳಾ?"

ನನ್ನ ಕೈ ನಿಂತಿತು. "ಯಾವಾಗ್ಲಿಂದ ಅತ್ತೆ?" ಅಂದೆ.

"ನಿನ್ ಗಂಡನ್ನ ಹೆತ್ತಾಗ್ಲಿಂದ."

ನಾಳೆ ಮೊದಲ ಬಸ್ಸಿಗೆ ಅತ್ತೆಯೂ ನಾನೂ ಮೈಸೂರಿಗೆ ಹೊರಟಿದ್ದೇವೆ, ಅವ್ವಾ. ನಿನ್ನನ್ನು ಕರೆದುಕೊಂಡು ಹೋಗಲಾಗಲಿಲ್ಲ. ನಿನ್ನ ಬೀಗಿತ್ತಿಯನ್ನು ನಾನು ಬಿಡುವುದಿಲ್ಲ.