ಚಿಕ್ಕಮ್ಮನ ಕೋಟಿನಂಥದೇ ಜೇಬು

ಹೊಲಿಗೆ ಅಂಗಡಿಯಿಂದ,
ತಾರೀಖು ಹನ್ನೊಂದು, ಸೋಮವಾರ

ಪ್ರೀತಿಯ ತಂಗಿ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಆ ಎತ್ತರದ ಚಪ್ಪಲಿ ಬಿಡು ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ, ಅಕ್ಕನಾಗಿ ಹುಟ್ಟಿದ ಕರ್ಮ. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಭಾವನ ಗೊರಕೆ ಕೂಡ ಕ್ಷೇಮ. ಶಾಲೆಗಳು ಮತ್ತೆ ತೆರೆಯುವ ಸಮಯವಾದ್ದರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಮವಸ್ತ್ರಗಳು ಬಿದ್ದಿವೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನೊಂದಿಗೆ ಫೋನಿನಲ್ಲಿ ಮಾತಾಡಿದರೆ ಕೊನೆಗೆ ನೀನು ಹೇಳಿದ್ದೇ ಸರಿ ಅನ್ನಿಸಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊಸದೇನಲ್ಲ ಬಿಡು. ಚಿಕ್ಕಂದಿನಲ್ಲಿ ನಾನು ಅತ್ತು ಕರೆದರೂ ಅಪ್ಪ ಕೊಡಿಸದ್ದನ್ನು ನೀನು ಪಕ್ಕದಲ್ಲಿ ಕೂತು ನಕ್ಕು ಗಿಟ್ಟಿಸಿಕೊಳ್ಳುತ್ತಿದ್ದೆ. ಈಗ ಅಪ್ಪನ ಜಾಗದಲ್ಲಿ ಮಂತ್ರಿಗಳಿದ್ದಾರೆ, ಅಷ್ಟೇ ವ್ಯತ್ಯಾಸ. ಪುದೀನ, ಹಣ್ಣು ಎಂದು ಪರಿಮಳ ಹಾಕಿದ ಸಿಗರೇಟುಗಳನ್ನು ನಿಲ್ಲಿಸುತ್ತೇವೆ ಎಂದು ಸರಕಾರ ಹೊರಟಾಗ, ನಿನ್ನ ಸಿಗರೇಟು ಕಂಪನಿಯ ಪರವಾಗಿ ಟಿವಿಯಲ್ಲಿ ಬಂದು ಕೂತವಳು ನೀನು. ಎಷ್ಟು ಚೆನ್ನಾಗಿ ಮಾತಾಡಿದೆ! ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. “ಖಂಡಿತ ನಿಲ್ಲಿಸೋಣ, ಮೊದಲು ಒಂದು ಅಧ್ಯಯನ ಆಗ್ಲಿ. ಇದೆಲ್ಲ ದೊಡ್ಡವರ ಆಯ್ಕೆ, ಮಕ್ಕಳಿಗೆ ನಾವು ಮಾರೋದೇ ಇಲ್ವಲ್ಲ” ಅಂದೆ. ಎದುರಿಗಿದ್ದ ಎದೆರೋಗದ ಡಾಕ್ಟರು ಕೂಗಾಡಿ, ಪಾಪ, ತಾವೇ ಕೆಟ್ಟವರಾದರು. ಮರುವಾರ ಕಾನೂನು ಮುಂದಕ್ಕೆ ಹೋಯಿತು. ಅಧ್ಯಯನಕ್ಕೊಂದು ಸಮಿತಿ, ಸಮಿತಿಯಲ್ಲಿ ನಿನ್ನ ಕಂಪನಿಯವರೇ ಇಬ್ಬರು! ಮಗಳು ಸೋಫಾದ ಮೇಲೆ ನಿಂತು ಚಪ್ಪಾಳೆ ತಟ್ಟಿದಳು. “ಅಮ್ಮಾ, ನೀನ್ಯಾಕೆ ಚಿಕ್ಕಮ್ಮನ ಥರ ಮಾತಾಡಲ್ಲ?” ಅಂದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೇಗೆ ಮಾತಾಡೋದು ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ.

ಹೊತ್ತು ಹೆತ್ತು ಹದಿನಾರು ವರ್ಷ ಸಾಕಿದ್ದು ನಾನು, ಕನ್ನಡಿ ಮುಂದೆ ನಿಂತು ಅವಳು ಅಭ್ಯಾಸ ಮಾಡುವುದು ನಿನ್ನ ನಗು. ಕೂದಲು ನಿನ್ನ ಹಾಗೆ, ಕೈ ತಿರುಗಿಸುವುದು ನಿನ್ನ ಹಾಗೆ. ಕಳೆದ ಸಲ ನೀನು ಬಂದು ಹೋದ ಮೇಲೆ ಶಾಲೆಯ ಕೋಟು ತಂದು, ಒಳಗಡೆ ಅಸ್ತರಿನಲ್ಲಿ ಚಿಕ್ಕಮ್ಮನ ಕೋಟಿಗಿರುವಂಥದೇ ಜೇಬು ಬೇಕು ಎಂದು ಕೂತಳು. ಇಷ್ಟು ಅಗಲ, ಇಷ್ಟು ಆಳ ಎಂದು ಬೆರಳಿನಲ್ಲಿ ತೋರಿಸಿದಳು. ಮೈಯೆಲ್ಲ ಉರಿಯಿತು. ಆದರೂ ನಿನ್ನ ಟೈಲರಿನ ಕೆಲಸಕ್ಕಿಂತ ಒಂದು ಕೈ ಮೇಲಾಗಲಿ ಎಂಬ ಹಠದಿಂದ, ಹೊರಗಿನಿಂದ ಗುರುತೇ ಸಿಗದ ಹಾಗೆ ಹೊಲಿದುಕೊಟ್ಟೆ. ಅವಳು ಕುತ್ತಿಗೆಗೆ ಜೋತುಬಿದ್ದು ಮುತ್ತು ಕೊಟ್ಟಳು. ಎಷ್ಟೋ ದಿನದ ಮೇಲೆ ಸಿಕ್ಕ ಮುತ್ತು, ನನಗೆ ಅದೇ ಸಾಕಾಗಿತ್ತು. ಆಮೇಲೆ ಅವಳ ಗೆಳತಿಯರು ಒಬ್ಬೊಬ್ಬರಾಗಿ ತಮ್ಮ ಕೋಟು ತಂದರು, ಅದೇ ಜೇಬು, ಅದೇ ಅಳತೆ. ಶಾಲೆಯಲ್ಲಿ ನನ್ನ ಕೈಕೆಲಸ ಫ್ಯಾಷನ್ ಆಗಿದೆ ಎಂದು ನಾನು ನಿನ್ನ ಭಾವನ ಮುಂದೆ ಜಂಬ ಕೊಚ್ಚಿಕೊಂಡೆ. ಅವರು ಹೂಂಗುಟ್ಟಿದರು.

ಶನಿವಾರ ಅವಳ ಕೋಟಿನ ತೋಳು ಉದ್ದ ಮಾಡಿ ಇಸ್ತ್ರಿ ಹಾಕುತ್ತಿದ್ದೆ. ಬಿಸಿ ತಗುಲಿದ್ದೇ ಎದೆಯ ಹತ್ತಿರದಿಂದ ಪುದೀನದ ವಾಸನೆ ಎದ್ದಿತು. ಕೈ ಹಾಕಿದರೆ ತೆಳ್ಳನೆಯ ತಿಳಿನೀಲಿ ಪೆಟ್ಟಿಗೆ, ನಿನ್ನ ಕಂಪನಿಯದು, ಅರ್ಧ ಖಾಲಿ. ಜೇಬಿನಲ್ಲಿ ಅದು ಎಷ್ಟು ಸರಿಯಾಗಿ ಕೂತಿತ್ತೆಂದರೆ ಅಳತೆ ತೆಗೆದು ಹೊಲಿದ ಹಾಗೆ. ಅಳತೆ ತೆಗೆದೇ ಹೊಲಿದಿದ್ದೆನಲ್ಲ! ಆ ಹುಡುಗಿಯರ ಕೋಟುಗಳೆಲ್ಲ ಕಣ್ಣ ಮುಂದೆ ಬಂದವು. ಕೂಗಾಡಿದೆ, ಅತ್ತುಬಿಟ್ಟೆ, ಟಿವಿಯಲ್ಲಿ ಆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಕೈ ತಿರುಗಿಸಿ, “ಇದಿನ್ನೂ ಅಧ್ಯಯನದಲ್ಲಿದೆ ಅಮ್ಮಾ” ಅಂದಳು. ಥೇಟ್ ನಿನ್ನ ದನಿ.

ಅಕ್ಕಪಕ್ಕದವರು ನಿನ್ನನ್ನು ಕೇಳುತ್ತಿರುತ್ತಾರೆ. ಭಾವ ಕೂಡ ನಿನ್ನನ್ನು ನೆನೆಸಿಕೊಂಡರು. ಹೊತ್ತುಹೊತ್ತಿಗೆ ಊಟ ಮಾಡು. ನೂರು ಕಾಲ ಚೆನ್ನಾಗಿರು, ಬೈಯಲು ನನಗೂ ಒಬ್ಬಳು ತಂಗಿ ಬೇಕು.

ನಿನ್ನ ಅಕ್ಕ

ಮರೆತಿದ್ದೆ: ರಜೆ ಮುಗಿಯುವ ಮುಂಚೆ ಸ್ವಲ್ಪ ದಿನ ನಿನ್ನಲ್ಲಿರುತ್ತೇನೆ ಎಂದು ಮಗಳು ಬರುವ ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದಾಳೆ. ನಾನು ತಡೆಯಲಿಲ್ಲ. ನೀನು ಹುಟ್ಟಿದಾಗಿನಿಂದ ಒಂದು ಸಿಗರೇಟನ್ನೂ ತುಟಿಗೆ ಇಟ್ಟವಳಲ್ಲ, ಜೇಬಿನಲ್ಲಿ ಪೆಟ್ಟಿಗೆ ಇದ್ದರೂ ಅದು ಕೆಲಸಕ್ಕಷ್ಟೇ, ಮನೆಗೆ ಬಂದವರು ಸೇದಿದರೆ ಹೊರಗೆ ಕಳಿಸಿ ಕಿಟಕಿ ತೆರೆಯುತ್ತೀಯ ಎಂದು ಅವಳಿಗೆ ಹೇಳಿದೆ. ನಂಬಲಿಲ್ಲ. “ನಿಂಗೆ ಚಿಕ್ಕಮ್ಮನ ಮೇಲೆ ಹೊಟ್ಟೆಕಿಚ್ಚು, ಅದಕ್ಕೇ ಕಟ್ಟಿ ಹೇಳ್ತಿದೀಯ” ಅಂದಳು. ಹೊಟ್ಟೆಕಿಚ್ಚು ಇರುವುದು ನಿಜವೇ, ಅದಕ್ಕೇ ನಾನು ಹೇಳಿದರೆ ನಡೆಯದು. ನೀನೇ ಹೇಳು. ಟಿವಿಯಲ್ಲಿ ಬೇಡ, ಮಂತ್ರಿಗಳಿಗೂ ಬೇಡ, ನಿನ್ನ ಕೆಲಸ ನಿನಗಿರಲಿ. ಬಾಗಿಲು ಹಾಕಿಕೊಂಡು ಅವಳೊಬ್ಬಳಿಗೆ, ನೀನು ಯಾಕೆ ಅದನ್ನು ಮುಟ್ಟುವುದಿಲ್ಲ ಎಂದು ಹೇಳು. ನನ್ನ ಮಾತಿಗೆ ಬಿಡದ್ದನ್ನು ನಿನ್ನ ಒಂದು ಮಾತಿಗೆ ಬಿಟ್ಟುಬಿಡುತ್ತಾಳೆ. ಆಗ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ಉರಿಯಲಿ, ನೀನು ಹೇಳು.